ಬೆಳಗಿನ ಚಳಿಗೆ ನಿಲ್ಲುತ್ತಿದ್ದ ವಂಡಿ

ಈಗ ಅಲ್ಲಿ ಮೇಲ್ಸೇತುವೆ ಬಂದಿದೆ. ಮೊನ್ನೆ ಒಂದು ಮದುವೆಗೆಂದು ತಿರುಪ್ಪೂರಿಗೆ ಹೋಗುವಾಗ ಬಸ್ಸು ಒಂದೇ ಉಸಿರಿಗೆ ಸೇತುವೆ ಹತ್ತಿ ಇಳಿದುಬಿಟ್ಟಿತು. ಕೆಳಗೆ ರೈಲು ಕಂಬಿ ಇದೆಯೆಂದು ಬಸ್ಸಿನಲ್ಲಿದ್ದ ಯಾರಿಗೂ ಗೊತ್ತಾಗಲಿಲ್ಲ. ನನಗೆ ಮಾತ್ರ ಎರಡೂ ಕಾಲು ತಾವಾಗಿಯೇ ಬಸ್ಸಿನ ತಳವನ್ನು ಒತ್ತಿ ಹಿಡಿದವು. ಕೈ ಮುಂದಿನ ಸೀಟಿನ ಕಂಬಿಯನ್ನು ಅವುಚಿಕೊಂಡಿತು. ಪಕ್ಕದಲ್ಲಿ ಕೂತಿದ್ದ ಹೆಂಗಸು, "ಏನುಂಗಕ್ಕಾ, ತಲೆ ಸುತ್ತುತ್ತಾ?" ಎಂದು ಕೇಳಿದಳು. ಇಲ್ಲಮ್ಮ ಎಂದೆ. ಅವಳಿಗೆ ಏನೆಂದು ಹೇಳಲಿ? ಈ ಸೇತುವೆ ಕಟ್ಟುವ ಮುಂಚೆ, ಇಲ್ಲಿ ಬರೀ ಒಂದು ರೈಲ್ವೆ ಗೇಟಿದ್ದ ಕಾಲದಲ್ಲಿ, ಹೆರಿಗೆ ನೋವು ತಿನ್ನುತ್ತಿದ್ದ ನಾದಿನಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ನಾನು ಸರಿಯಾಗಿ ಕಂಬಿಗಳ ಮೇಲೆ ಕೂತಿದ್ದೆ, ನಮ್ಮ ವಂಡಿ ಉಸಿರು ಬಿಟ್ಟು ನಿಂತಿತ್ತು ಎಂದು ಹೇಳಲೇ?

ಎಂಬತ್ತರ ದಶಕದ ನಡುವಿನ ಒಂದು ಮಾರ್ಗಳಿ ಅದು. ಕರ್ನಾಟಕದವರು ಧನುರ್ಮಾಸ ಎನ್ನುವುದನ್ನು ನಾವು ಈ ಕಡೆಯವರು ಮಾರ್ಗಳಿ ಎನ್ನುತ್ತೇವೆ. ನಾನು ಮದುವೆಯಾಗಿ ಕಾಂಗೇಯಂ ಪಕ್ಕದ ಹಳ್ಳಿಗೆ ಬಂದು ಕೆಲವು ವರ್ಷಗಳಾಗಿದ್ದವು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಎರಡೂ ಕಲಸಿಹೋಗಿ, ಯಾವ ಮಾತು ಯಾವುದರದ್ದು ಎಂದು ಕೇಳಿದರೆ ನಮಗೇ ತಡವರಿಕೆ. ಅತ್ತೆ ಮುಂಚೆಯೇ ತೀರಿಕೊಂಡಿದ್ದರಿಂದ ಮನೆಯ ಯಜಮಾನಿಕೆ ನನ್ನ ಸೊಂಟಕ್ಕೆ ಬೇಗನೇ ಏರಿತ್ತು. ಮಾವ ತಿಮ್ಮಯ್ಯಗೌಡರಿಗೆ ತೆಂಗಿನ ತೋಟವಿತ್ತು, ತೋಟದ ಅಂಚಿನಲ್ಲಿ ಕರೆಂಟಿನಲ್ಲಿ ಓಡುವ ಗಾಣವಿತ್ತು. ನನ್ನ ಮನೆಯವರು ಕೊಬ್ಬರಿ ಕೊಳ್ಳಲು ಪಾಲಕ್ಕಾಡಿನ ಕಡೆ ಹೋದರೆ ವಾರಗಟ್ಟಲೆ ಮುಖ ತೋರಿಸುತ್ತಿರಲಿಲ್ಲ. ಆ ಮಾರ್ಗಳಿಯಲ್ಲೂ ಅವರು ಅಲ್ಲೇ ಇದ್ದರು. ನಾದಿನಿ ಸರಸು ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು.

ವಂಡಿ ಎಂದೆನಲ್ಲ, ಅದು ಪಟ್ಟಾಳದ, ಅಂದರೆ ಸೈನ್ಯದ ಹರಾಜಿನಲ್ಲಿ ಬಂದ ಹಳೆಯ ಜೀಪು. ಕೊಯಮತ್ತೂರಿನಲ್ಲಿ ಅದರ ಪೆಟ್ರೋಲ್ ಇಂಜಿನ್ನು ಕಿತ್ತು ಡೀಸೆಲ್ ಇಂಜಿನ್ನು ಕೂರಿಸಿ, ಹಿಂಭಾಗ ಕತ್ತರಿಸಿ, ತಗಡಿನ ತೊಟ್ಟಿ ಕಟ್ಟಿಸಿದ್ದರು. ಪೇಟೆಯವರು ಅದನ್ನು ಪಿಕಪ್ ಎಂದರು. ಅದರ ಸದ್ದು ಊರಾಚೆಯ ಕೆರೆ ಏರಿಯ ಮೇಲೇ ಕೇಳುತ್ತಿತ್ತು, ನಾನು ಆ ಸದ್ದಿಗೆ ಅನ್ನಕ್ಕೆ ನೀರಿಡುತ್ತಿದ್ದೆ. ಅದು ಬಂದ ವರ್ಷ ಮಾವ ತಮ್ಮ ಜೋಡಿ ಎತ್ತುಗಳನ್ನು ಮಾರಿದರು. ಕಾಂಗೇಯಂ ತಳಿ, ಬೂದು ಮೈ, ಕತ್ತಿಯಂಥ ಕೊಂಬು. ಕೊಂಡವನು ಹಗ್ಗ ಹಿಡಿದು ಹೊರಡುವಾಗ ಮಾವ ತೋಟದ ಬಾವಿಯ ಹತ್ತಿರ ಹೋಗಿ ಕೂತಿದ್ದರಂತೆ. ಮಾರನೆಯ ದಿನದಿಂದ ವಂಡಿಯನ್ನು ಎತ್ತು ಕಟ್ಟುತ್ತಿದ್ದ ಕೊಟ್ಟಿಗೆಯಲ್ಲೇ ನಿಲ್ಲಿಸಿಕೊಂಡರು.

ಓಡಿಸುವವನು ಶಣ್ಮುಗಂ. ಮುಂಚೆ ಎತ್ತಿನ ಗಾಡಿ ಹೊಡೆಯುತ್ತಿದ್ದವನೂ ಅವನೇ. ಎತ್ತು ಹೋದ ಮೇಲೆ ತಿರುಪ್ಪೂರಿಗೆ ಹೋಗಿ ಡ್ರೈವಿಂಗ್ ಕಲಿತು ಬಂದ. ತಮಿಳಿನವನಾದರೂ ಚಿಕ್ಕಂದಿನಿಂದ ನಮ್ಮ ಅಂಗಳದಲ್ಲೇ ಬೆಳೆದು ನಮ್ಮ ಮನೆಯ ಕನ್ನಡವನ್ನು ನಮಗಿಂತ ಲಯವಾಗಿ ಆಡುತ್ತಿದ್ದ; ಮಾತಿನ ಕೊನೆಗೆ ಮಾತ್ರ ಈ ಕಡೆಯ ಮರ್ಯಾದೆಯ 'ಉಂಗ' ಅಂಟಿಕೊಂಡಿರುತ್ತಿತ್ತು. ಮಾವನಿಗೆ ಅವನು ಮಗನೂ ಅಲ್ಲ, ಆಳೂ ಅಲ್ಲ. ಅವರಿಬ್ಬರ ನಡುವೆ ಏನಿತ್ತೋ ಅದಕ್ಕೆ ನಮ್ಮಲ್ಲಿ ಹೆಸರಿಲ್ಲ. ಮಾವನ ಎದುರಿಗೆ ಊರಿನ ಗಂಡಸರೆಲ್ಲ ಮಡಿಸಿ ಕಟ್ಟಿದ ಪಂಚೆ ಇಳಿಸುತ್ತಿದ್ದರು. ಅವರ ಮಾತಿಗೆ ಎದುರು ಮಾತಾಡಿದವರನ್ನು ನಾನು ನೋಡಿರಲಿಲ್ಲ.

ಮೊದಲ ಸಲ ವಂಡಿ ನಿಂತದ್ದು ಸಿರುಮುಗೈ ದಾರಿಯಲ್ಲಿ. ಅಲ್ಲಿಯ ಅಂಗಡಿಗಳಿಗೆ ಎಣ್ಣೆ ಟಿನ್ನು ತುಂಬಿಕೊಂಡು ಹೋಗಿದ್ದ ಶಣ್ಮುಗಂ ಯಾವುದೋ ಲಾರಿಗೆ ಕಟ್ಟಿಸಿಕೊಂಡು ಬಂದ. ತಿರುಪ್ಪೂರಿನ ಮೆಕ್ಯಾನಿಕ್ ಗನಿ ಬಾಯ್ ನೋಡಿ, ಡೀಸೆಲ್ ಬರುವ ರಬ್ಬರ್ ಪೈಪು ಸೀಳಿದೆ, ಗಾಳಿ ಎಳೀತಿದೆ ಎಂದು ಪೈಪು ಬದಲಾಯಿಸಿದರು. ಅಲ್ಲಿಗೆ ಮುಗಿಯಬೇಕಿತ್ತು.

ಮುಗಿಯಲಿಲ್ಲ. ಮಾರ್ಗಳಿ ಏರಿದಂತೆಲ್ಲ ಒಂದು ವಿಚಿತ್ರ ಶುರುವಾಯಿತು. ಬೆಳಗಿನ ಜಾವ, ದೇವಸ್ಥಾನದ ಧ್ವನಿವರ್ಧಕ ಹಾಡುವ ಹೊತ್ತಿಗೆ, ನಾನು ಬಾಗಿಲ ಮುಂದೆ ಕೋಲ, ಅಂದರೆ ರಂಗೋಲಿ, ಬಿಡಿಸಿ ಸಗಣಿಯುಂಡೆಗೆ ಕುಂಬಳ ಹೂ ಸಿಕ್ಕಿಸುವ ಹೊತ್ತಿಗೆ, ವಂಡಿ ಸದ್ದು ಮಾಡುತ್ತ ಚೆನ್ನಾಗಿಯೇ ಹೊರಡುತ್ತಿತ್ತು. ಊರು ದಾಟಿ ಸ್ವಲ್ಪ ದೂರ ಹೋಗಿ ನಿಂತುಬಿಡುತ್ತಿತ್ತು. ಸೈಕಲ್ಲಿನಲ್ಲಿ ಯಾರಾದರೂ ಹೋಗಿ ಗನಿ ಬಾಯ್‌ಗೆ ಫೋನು ಮಾಡಿಸಿ, ಅವರು ಬಸ್ಸು ಹತ್ತಿ ಬಂದು ಇಳಿಯುವಷ್ಟರಲ್ಲಿ ಬಿಸಿಲೇರಿರುತ್ತಿತ್ತು. ಅವರು ಬಾನೆಟ್ಟಿನ ಮೇಲೆ ಕೈಯಿಟ್ಟರೆ ಸಾಕು, ವಂಡಿ ಓಡುತ್ತಿತ್ತು. ಡಾಕ್ಟರ ಮುಖ ಕಂಡ ಕೂಡಲೇ ಜ್ವರ ಬಿಡುವ ಮಗುವಿನ ಹಾಗೆ.

"ನಿಲ್ಲೋ ಮುಂಚೆ ಏನ್ ಮಾಡುತ್ತೆ, ಅದನ್ನ ಹೇಳಪ್ಪಾ," ಎಂದು ಗನಿ ಬಾಯ್ ಶಣ್ಮುಗಂನನ್ನು ಕೂರಿಸಿಕೊಂಡು ಕೇಳುತ್ತಿದ್ದರು.

"ತೂಕಡಿಸ್ತದೆ ಬಾಯ್. ಆಕ್ಸಿಲೇಟರ್ ತುಳಿದ್ರೆ ಮೇಲೇಳಲ್ಲ. ಏರಿನಲ್ಲಿ ಹೋಗೋ ಮುದುಕನಂಗೆ ಏದುಸಿರು ಬಿಡ್ತದೆ. ಆಮೇಲೆ ಸೊಯ್ ಅಂತ ನಿಂತೋಗ್ತದೆ."

"ಹೊಗೆ?"

"ಹೊಗೆ ಇಲ್ಲೆ."

"ಬಿಸಿ?"

"ಬಿಸಿ ಆಗೋಕೆ ಎಲ್ಲಿ ಓಡ್ತು?"

ನಾನು ಕಾಫಿ ತಂದಿಟ್ಟಾಗ ಗನಿ ಬಾಯ್ ನನಗೂ ಪಾಠ ಹೇಳಿದರು. "ಡೀಸೆಲ್ ಇಂಜಿನ್ನಿಗೆ ಬೇಕಾದ್ದು ಎರಡೇ ಅಮ್ಮಣಿ. ಉಸಿರಾಡೋಕೆ ಗಾಳಿ, ಕುಡಿಯೋಕೆ ಡೀಸೆಲ್. ಪೆಟ್ರೋಲ್ ವಂಡಿಯಂಗೆ ಕಿಡಿ ಗಿಡಿ ಏನೂ ಕೇಳಲ್ಲ, ಪಾಪದ್ದು. ನಿಂತೋಯ್ತು ಅಂದ್ರೆ ಒಂದೋ ಉಸಿರು ಕಟ್ಟಿದೆ, ಇಲ್ಲಾ ಬಾಯಾರಿದೆ." ಫಿಲ್ಟರಿನ ಮೇಲಿನ ಬೋಲ್ಟು ಸಡಿಲಿಸಿ ಕೈಪಂಪು ಒತ್ತಿದರು. ನಡು ಮಧ್ಯಾಹ್ನದ ಬಿಸಿಲಿನಲ್ಲಿ ಡೀಸೆಲ್ಲು ಗುಳ್ಳೆಯೇ ಇಲ್ಲದೆ ಚಿಮ್ಮಿತು. ಪಂಪು ಬಿಚ್ಚಿದರು, ಜೋಡಿಸಿದರು. ನಾಜಲ್ಲು ಬಿಚ್ಚಿ ನೋಡಿದರು. ಗಾಳಿಯ ಡಬ್ಬ ಕೊಡವಿದರು. ಎಲ್ಲ ಸರಿಯಿತ್ತು. ಕೊನೆಗೆ ಬೇಸತ್ತು, ಕೈ ಒರೆಸಿಕೊಳ್ಳುತ್ತ, ಹೋಗುವ ದಾರಿಯಲ್ಲಿ ಒಂದು ಮಾತು ಅಂದರು: "ಡೀಸೆಲ್ಲಿಗೆ ಏನಾದ್ರೂ ಕಲಸ್ತಿದಾರೋ ಏನೋ ಗೌಡರೇ. ಈಗೆಲ್ಲ ಸೀಮೆಎಣ್ಣೆ ಬೆರೆಸೋದು ಜಾಸ್ತಿ ಆಗಿದೆ."

ಅವರು ಬಂಕಿನವರನ್ನು ಮನಸ್ಸಿನಲ್ಲಿಟ್ಟು ಹೇಳಿದ್ದು. ಮಾವನ ಕಿವಿಯಲ್ಲಿ ಅದು ಬೇರೆ ಕಡೆ ಹೋಗಿ ಕೂತಿತೆಂದು ಆಗ ನನಗೆ ಗೊತ್ತಾಗಲಿಲ್ಲ. ಡೀಸೆಲ್ ಹಾಕಿಸುವವನು ಯಾವತ್ತೂ ಶಣ್ಮುಗಂ ಒಬ್ಬನೇ.

ಸರಸುಗೆ ನೋವು ಕಾಣಿಸಿಕೊಂಡದ್ದು ಅಂಥದೇ ಒಂದು ಬೆಳಿಗ್ಗೆ, ಇನ್ನೂ ಮಂಜು ಬಿಟ್ಟಿರಲಿಲ್ಲ. ಬೇರೆ ವಂಡಿ ಹುಡುಕಲು ಹೊತ್ತಿಲ್ಲ. ತೊಟ್ಟಿಯಲ್ಲಿ ಹುಲ್ಲು ಹಾಸಿ, ಮೇಲೆ ಜಮಖಾನ ಹಾಸಿ, ಅವಳನ್ನು ಮಲಗಿಸಿ ನಾನು ತಲೆ ಹಿಡಿದು ಕೂತೆ. ಮಾವ ತೊಟ್ಟಿಯ ಅಂಚು ಹಿಡಿದು, "ಹುಷಾರು ಶಣ್ಮುಗಂ," ಎಂದರು. "ನಾನಿಲ್ಲೀಂಗಳಾ ಐಯಾ," ಎಂದ ಅವನು.

ರೈಲ್ವೆ ಗೇಟು ತೆರೆದೇ ಇತ್ತು. ದೂರದಿಂದಲೇ ನನಗೆ ಆ ತೂಕಡಿಕೆ ಗೊತ್ತಾಯಿತು. ಇಂಜಿನ್ನು ಒಮ್ಮೆ ಮುಳುಗಿತು, ಎದ್ದಿತು, ಮತ್ತೆ ಮುಳುಗಿತು. ಶಣ್ಮುಗಂ ಗೇಟು ದಾಟಿಬಿಡೋಣವೆಂದು ಬಿಗಿಯಾಗಿ ತುಳಿದ. ಮುಂದಿನ ಚಕ್ರ ಎರಡನೇ ಕಂಬಿ ಏರಿತು. ಆಮೇಲೆ ಸದ್ದೇ ಇಲ್ಲ. ಆ ಮೌನದಲ್ಲಿ ಮೊದಲು ಕೇಳಿದ್ದು ಸರಸುವಿನ ನರಳಾಟ. ಎರಡನೆಯದು ಗೇಟಿನವನ ಗುಡಿಸಲೊಳಗೆ ಬಡಿದ ಗಂಟೆ.

ಗೇಟಿನವನು ಹೊರಗೆ ಬಂದವನು ನಮ್ಮನ್ನು ನೋಡಿ ಬಾಯಿ ಬಡಿದುಕೊಂಡ. ಕೆಂಪು ಬಾವುಟ ಕಿತ್ತುಕೊಂಡು ಕಂಬಿಯ ಮೇಲೆ ಓಡತೊಡಗಿದ. ನನಗೆ ಇಳಿಯಬೇಕೆಂದೂ ಹೊಳೆಯಲಿಲ್ಲ. ಹೊಳೆದಿದ್ದರೂ ಸರಸುವನ್ನು ಹೇಗೆ ಇಳಿಸುವುದು? ಕಂಬಿ ಸಣ್ಣಗೆ ನಡುಗುವುದು ತಗಡಿನ ಮೂಲಕ ನನ್ನ ಮೊಣಕಾಲಿಗೆ ಗೊತ್ತಾಗುತ್ತಿತ್ತು. "ಶಣ್ಮುಗಂ!" ಎಂದು ಕೂಗಿದ್ದೇ ಕೂಗಿದ್ದು.

ಅವನು ಹಿಂದಿರುಗಿ ನೋಡಲಿಲ್ಲ. "ಅಮ್ಮಣಿ, ಅವರ ತಲೆ ಬಿಗಿಯಾಗಿ ಹಿಡ್ಕಳಿ," ಎಂದಷ್ಟೇ ಹೇಳಿ ಮೊದಲನೇ ಗೇರಿಗೆ ಹಾಕಿ, ಕ್ಲಚ್ಚಿನಿಂದ ಕಾಲು ತೆಗೆದು, ಸೆಲ್ಫ್ ಒತ್ತಿದ. ಇಂಜಿನ್ನು ಹೊತ್ತಿಕೊಳ್ಳಲಿಲ್ಲ, ಆದರೆ ಬ್ಯಾಟರಿಯ ಬಲಕ್ಕೆ ವಂಡಿ ಕಪ್ಪೆಯ ಹಾಗೆ ಒಂದು ಜಿಗಿತ ಜಿಗಿಯಿತು. ಮತ್ತೆ ಒತ್ತಿದ. ಮತ್ತೊಂದು ಜಿಗಿತ. ಪ್ರತಿ ಜಿಗಿತಕ್ಕೂ ಸರಸು ಚೀರುತ್ತಿದ್ದಳು. ಸೆಲ್ಫಿನ ಸದ್ದು ಕುಗ್ಗುತ್ತ, ಗೊರಕೆಯಂತಾಗುತ್ತ ಬಂತು. ಹಿಂದಿನ ಚಕ್ರ ಕಂಬಿ ಹತ್ತಿತು, ನಿಂತಿತು, ಇಳಿಯಿತು. ಕೊನೆಯ ಒಂದು ಉಸಿರಿಗೆ ವಂಡಿ ಆಚೆ ಬದಿಯ ಮಣ್ಣಿಗೆ ಜಾರಿತು.

ರೈಲು ಹೋದಾಗ ಅದರ ಗಾಳಿಗೆ ಜಮಖಾನದ ಅಂಚು ಹಾರಿ ನನ್ನ ಮುಖಕ್ಕೆ ಬಡಿಯಿತು. ಅಷ್ಟು ಹತ್ತಿರ. ನಾನು ಅಳಲಿಲ್ಲ, ದೇವರೇ ಎನ್ನಲಿಲ್ಲ. ಹುಲ್ಲಿನ ಒಂದು ಕಡ್ಡಿಯನ್ನು ನೋಡುತ್ತ ಕೂತಿದ್ದೆ. ಶಣ್ಮುಗಂ ಇಳಿದು ಚಕ್ರಕ್ಕೊರಗಿ ಕೂತ. ಹಾಲಿನ ವ್ಯಾನೊಂದು ಬಂತು, ಅದರಲ್ಲಿ ಆಸ್ಪತ್ರೆ ಮುಟ್ಟಿದೆವು. ಸರಸುಗೆ ಹೆಣ್ಣು ಮಗುವಾಯಿತು. ತಾಯಿ ಮಗು ಸುಖವಾಗಿದ್ದರು.

ಮುಂದಿನದನ್ನು ನಾನು ಕಣ್ಣಾರೆ ನೋಡಿದ್ದಲ್ಲ, ಹಲವರ ಬಾಯಲ್ಲಿ ಕೇಳಿದ್ದು. ಮಗು ಹುಟ್ಟಿದ ಮೇಲೆ ಆಸ್ಪತ್ರೆಯಿಂದ ಗೇಟಿಗೆ ವಾಪಸು ಬಂದು, ಬಿಸಿಲೇರಿದ ಹೊತ್ತಿಗೆ ಯಾರದೋ ಬ್ಯಾಟರಿ ಕಟ್ಟಿ ವಂಡಿ ಹೊರಡಿಸಿಕೊಂಡು ಶಣ್ಮುಗಂ ಊರಿಗೆ ಮರಳಿದ. ಬಸ್ ನಿಲ್ಲುವ ಕಡೆ ಇರುವ ಟೀ ಅಂಗಡಿಯಲ್ಲಿ ಮಾವ ಸುದ್ದಿಗಾಗಿ ಕಾಯುತ್ತಿದ್ದರು.

"ಹೆಣ್ಣು ಮಗೂಂಗ ಐಯಾ. ಇಬ್ರೂ ಚೆನ್ನಾಗವ್ರೆ."

"ವಂಡಿ?"

ಶಣ್ಮುಗಂ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಗೇಟಲ್ಲಿ, ಕಂಬಿ ಮೇಲೆ ನಿಂತ್ಬಿಡ್ತೂಂಗ."

ಮಾವ ಅಂಗಡಿಯ ಬೆಂಚುಗಳಲ್ಲಿ ಕೂತವರೆಲ್ಲ ಕೇಳುವ ಹಾಗೆ, "ಎಷ್ಟು ದಿನದಿಂದ ಕಲಸ್ತಿದೀಯ?" ಎಂದರಂತೆ.

"ಏನುಂಗ ಐಯಾ?"

"ಸೀಮೆಎಣ್ಣೆ. ನನ್ನ ಡೀಸೆಲ್ ಮಾರ್ಕಂಡು ಸೀಮೆಎಣ್ಣೆ ಹಾಕ್ತಿದೀಯಲ್ಲ, ಎಷ್ಟು ದಿನದಿಂದ? ನನ್ನ ಮಗಳನ್ನ ರೈಲಿನ ಬಾಯಿಗೆ ಹಾಕೋವರೆಗೂ ಹೋದೆಯಲ್ಲೋ!"

ಶಣ್ಮುಗಂ ವಂಡಿಯ ಕೀಲಿಯನ್ನು ಬೆಂಚಿನ ಮೇಲಿಟ್ಟು ನಡೆದುಕೊಂಡು ಹೊರಟುಹೋದ.

ನಾನು ಆಸ್ಪತ್ರೆಯಿಂದ ಬಂದ ಮೇಲೆ ವಿಷಯ ತಿಳಿಯಿತು. ಮಾವನ ಎದುರು ನಿಂತು ಮಾತಾಡಿದ್ದು ಅದೇ ಮೊದಲು. "ಮಾವ, ಅವನಿಲ್ಲದಿದ್ರೆ ಇವತ್ತು ನಮ್ಮ ಮೂರು ಜೀವನೂ ಇರ್ತಿರಲಿಲ್ಲೆ."

"ಅವನಿಂದ ತಾನೇ ಆ ಗತಿ ಬಂದದ್ದು?" ಎಂದು ಒಳಗೆ ಹೋದರು. ಅವರಿಗೆ ಕೋಪಕ್ಕಿಂತ ಹೆದರಿಕೆ ಹೆಚ್ಚೆಂದು ನನಗನ್ನಿಸಿತು. ಹೆದರಿಕೆಗೆ ಬೈಯಲು ಒಂದು ಮುಖ ಬೇಕಾಗಿತ್ತು.

ರೈಲಿನ ಸುದ್ದಿ ಕೇಳಿ ಗನಿ ಬಾಯ್ ತಾವಾಗಿಯೇ ಹೇಳಿ ಕಳುಹಿಸಿದರು. ಮೊದಲ ಬಸ್ಸಿಗೆ ಬರುತ್ತೇನೆ, ವಂಡಿಯನ್ನು ರಾತ್ರಿಯಿಡೀ ಅಂಗಳದಲ್ಲೇ ಬಿಟ್ಟಿರಿ, ಯಾರೂ ಮುಟ್ಟಬೇಡಿ, ತಣ್ಣಗಿರುವಾಗಲೇ ನೋಡಬೇಕು ಎಂದು. ಇನ್ನೊಂದು ಷರತ್ತು: ಶಣ್ಮುಗಂ ಇರಬೇಕು. "ರೋಗಿ ಜೊತೆ ಇದ್ದವನಿಲ್ಲದೆ ನಾನು ನಾಡಿ ಹಿಡಿಯಲ್ಲ."

ಅವನು ಬಂದ. ಅಂಗಳಕ್ಕೆ ಕಾಲಿಡದೆ ಗೇಟಿನ ಆಚೆಯೇ, ಕೈ ಕಟ್ಟಿಕೊಂಡು ನಿಂತ. ಮಾವ ಜಗಲಿಯ ಮೇಲೆ ನಿಂತರು. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಗಾಣದ ಆಳುಗಳೂ ಬಂದು ಸೇರಿದರು. ಸೀಮೆಎಣ್ಣೆ ಹಿಡಿಯುವುದನ್ನು ನೋಡಲು ಎಲ್ಲರಿಗೂ ಆತುರ.

ಗನಿ ಬಾಯ್ ವಂಡಿ ಹೊರಡಿಸಿದರು. ಅದು ಗುಡುಗುಡು ಓಡಿತು. ಅವರು ಬಾನೆಟ್ಟಿಗೆ ಕಿವಿ ಕೊಟ್ಟು ನಿಂತೇ ಇದ್ದರು. ಸ್ವಲ್ಪ ಹೊತ್ತಿಗೆ ತೂಕಡಿಕೆ ಬಂತು, ಏದುಸಿರು ಬಂತು, ನಿಂತುಹೋಯಿತು.  "ಸಿಕ್ಕಿದೆಯಲ್ಲಾ ಕಂದಾ, ಈಗ ಎಲ್ಲಿ ಹೋಗ್ತೀಯ," ಎಂದು ಗನಿ ಬಾಯ್ ಅವಸರವಾಗಿ ಫಿಲ್ಟರಿನ ಕೆಳಗಿನ ಬಟ್ಟಲನ್ನು ಬಿಚ್ಚಿದರು. ಡೀಸೆಲ್ ಚೆಲ್ಲದಿರಲಿ ಎಂದು ಕೆಳಗೆ ನಾನು ಒಂದು ತಟ್ಟೆ ಹಿಡಿದೆ. ಅವರು ಬಟ್ಟಲನ್ನು ತಲೆಕೆಳಗು ಮಾಡಿದರು.

ಒಂದು ಹನಿಯೂ ಬೀಳಲಿಲ್ಲ.

ಬಟ್ಟಲಿನ ಬಾಯಿಯವರೆಗೂ ಬೆಳ್ಳಗೆ, ಗಟ್ಟಿಯಾಗಿ, ನುಣ್ಣಗೆ ಏನೋ ಕೂತಿತ್ತು. ಗನಿ ಬಾಯ್ ಬೆರಳಿನಿಂದ ಒತ್ತಿದರು, ಬೆರಳಿನ ಗುರುತು ಹಾಗೇ ಉಳಿಯಿತು. "ಏನಿದು? ಮೇಣವಾ? ಕೊಬ್ಬಾ?" ಎಂದು ಸುತ್ತ ತಿರುಗಿ ಎಲ್ಲರಿಗೂ ತೋರಿಸಿದರು.  ಗಾ‌ಣದ ಮನೆಯವರಿಗೆ ಅದನ್ನು ಹೇಳಬೇಕೇ? ಮಾರ್ಗಳಿಯ ಪ್ರತಿ ಬೆಳಿಗ್ಗೆ ನಮ್ಮ ಟಿನ್ನುಗಳಲ್ಲಿ, ನಮ್ಮ ತಲೆಗೆ ಹಚ್ಚುವ ಬಾಟಲಿಗಳಲ್ಲಿ ನೋಡುವುದು ಅದನ್ನೇ. ನಾನು ಸ್ವಲ್ಪ ಅಂಗೈಗೆ ಹಾಕಿಕೊಂಡೆ. ಮೈಯ ಬಿಸಿಗೆ ಅದು ಕರಗಿ ನೀರಾಯಿತು. ಮೇಲೆ ಡೀಸೆಲ್ಲಿನ ಘಾಟು, ಅದರಡಿಯಲ್ಲಿ ಹೊಸ ಕೊಬ್ಬರಿಯ ಪರಿಮಳ. ನಮ್ಮದೇ ಎಣ್ಣೆ. ನಮ್ಮ ಗಾಣದ್ದೇ.

"ತೆಂಗಿನೆಣ್ಣೆ," ಎಂದೆ. 

ಗನಿ ಬಾಯ್ ಮೊದಲು ಬೆರಗಾದರು, ಆಮೇಲೆ ಹೊಟ್ಟೆ ಕುಲುಕಿ ನಕ್ಕರು. "ಅದೇ ನೋಡಿ! ಡೀಸೆಲ್ಲಿಗಿಂತ ಇದು ಭಾರ. ಟ್ಯಾಂಕಿನ ತಳಕ್ಕೆ ಇಳಿದು ಕೂತಿದೆ, ಇಂಜಿನ್ನು ಎಳಕೊಳ್ಳೋದೂ ತಳದಿಂದಲೇ. ಪೈಪಲ್ಲಿ ಉಳಿದಿದ್ದ ಡೀಸೆಲ್ಲಿಗೆ ಒಂದಿಷ್ಟು ದೂರ ಓಡುತ್ತೆ, ಆಮೇಲೆ ಗಂಟಲಿಗೆ ಇದು ಅಡರಿಕೊಳ್ಳುತ್ತೆ. ಬಿಸಿಲು ಬಿತ್ತೋ, ಕರಗಿ ಓಡುತ್ತೆ. ನಾನು ಯಾವಾಗ್ಲೂ ಬಿಸಿಲಲ್ಲಿ ಬಂದು ನೋಡಿದ್ದು!" ಆಮೇಲೆ ನಗು ನಿಲ್ಲಿಸಿ, ಗೇಟಿನ ಕಡೆ ನೋಡಿ, ಮಾವನಿಗೆ ಹೇಳಿದರು: "ಇದನ್ನ ಕಳ್ಳ ಹಾಕಿಲ್ಲ ಗೌಡರೇ. ತಾಮ್ರ ಕದ್ದು ಆ ಜಾಗದಲ್ಲಿ ಚಿನ್ನ ಇಟ್ಟು ಹೋಗೋ ಕಳ್ಳನ್ನ ನಾನು ಕಂಡಿಲ್ಲ."

ಮಾವನ ಹೆಗಲಿನ ಟವಲ್ಲು ಜಾರಿ ಬಿತ್ತು. ಅವರು ಎತ್ತಿಕೊಳ್ಳಲಿಲ್ಲ.

"ನಾನೇ ಕುಡಿಸ್ದೆ," ಎಂದರು.

ಗನಿ ಬಾಯ್ ಬಟ್ಟಲನ್ನು ಕೆಳಗಿಟ್ಟರು.

"ಎತ್ತಿಗೆ ಮಾರ್ಗಳೀಲಿ ಎಣ್ಣೆ ಕುಡಿಸ್ತಿದ್ವಲ್ಲ, ಬಿದಿರು ಗೊಟ್ಟದಲ್ಲಿ. ಚಳೀಲಿ ದುಡಿಯೋ ಜೀವಕ್ಕೆ ಒಳಗೆ ಜಿಡ್ಡು ಬೇಕು. ಆ ಪೈಪು ಹೋಯ್ತಲ್ಲ, ಅವಾಗ ವಂಡಿ ಸೋತದೆ ಅಂತ ಅಂದ್ಕಂಡೆ. ಸಂಜೆ ಗಾಣದಿಂದ ಬಿಸಿ ಎಣ್ಣೆ ಇಳಿಯುತ್ತಲ್ಲ, ಅದನ್ನ ತಗಂಡ್ಹೋಗಿ..." ಅಲ್ಲಿಗೆ ನಿಲ್ಲಿಸಿದರು. ಅವರ ಮುಖದಲ್ಲಿ ಇನ್ನೊಂದು ಲೆಕ್ಕ ಓಡುತ್ತಿರುವುದನ್ನು ನಾನು ನೋಡಿದೆ. "ಅದು ನಿಂತಂಗೆಲ್ಲ ಇನ್ನೂ ಸೋತದೆ ಅಂತ ಇನ್ನಷ್ಟು ಹಾಕ್ದೆ. ಸರಸೂಗೆ ನೋವು ಬಂದ ಹಿಂದಿನ ಸಂಜೇನೂ. ಹೆರಿಗೆ ಹತ್ರ ಬಂತು, ಯಾವಾಗ ಬೇಕಾಗ್ತದೋ ಅಂತ ಅವತ್ತು ತುಸು ಜಾಸ್ತಿನೇ..."

ಜಗಲಿಯ ಕಂಬ ಹಿಡಿದು ಕುಸಿದು ಕೂತರು. ಎಪ್ಪತ್ತು ದಾಟಿದ ಮನುಷ್ಯ, ಮಗಳನ್ನು ಕಾಪಾಡಲು ಅಕ್ಕರೆಯಿಂದ ಎರೆದದ್ದು ಮಗಳನ್ನು ಎಲ್ಲಿಗೆ ಕೊಂಡೊಯ್ದು ನಿಲ್ಲಿಸಿತ್ತು ಎಂಬುದು ಅವರಿಗೆ ಆಗ ಕಂಡಿತು. ಆ ಮುಖವನ್ನು ನಾನು ಮರೆತಿಲ್ಲ. ರೈಲನ್ನಾದರೂ ಮರೆತೇನು.

ಸ್ವಲ್ಪ ಹೊತ್ತಿಗೆ ಎದ್ದು, ಒಳಗಿಂದ ಕೀಲಿ ತಂದು, ಬರಿಗಾಲಲ್ಲಿ ಗೇಟಿನವರೆಗೂ ನಡೆದರು. "ಶಣ್ಮುಗಂ, ತಪ್ಪು ನಂದು. ತಗೋ."

ಅವನು ಕೈ ಚಾಚಲಿಲ್ಲ. ಕಣ್ಣು ತುಂಬಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು. "ಟೀ ಅಂಗಡಿ ಮುಂದೆ ನಿಂತು ಕಳ್ಳ ಅಂದ್ರೀಂಗ ಐಯಾ. ಇಲ್ಲಿ ಮನೆ ಅಂಗಳದಲ್ಲಿ ಅಲ್ಲ ಅಂತಿದೀರಿ. ಇಲ್ಲಿ ಯಾರು ಕೇಳಬೇಕು?" ಕೈ ಮುಗಿದು ಹೊರಟುಹೋದ.

ಅವನ ಮಾತು ಸುಳ್ಳಾಗಿರಲಿಲ್ಲ. ಸೀಮೆಎಣ್ಣೆಗೆ ತಮಿಳಿನಲ್ಲಿ ಮಣ್ಣೆಣ್ಣೆ ಎನ್ನುತ್ತಾರೆ. ಅಷ್ಟರಲ್ಲಾಗಲೇ ಅವನಿಗೆ 'ಮಣ್ಣೆಣ್ಣೆ ಶಣ್ಮುಗಂ' ಎಂದು ಹೆಸರು ಬಿದ್ದಿತ್ತು. ತಿರುಪ್ಪೂರಿನ ಬನಿಯನ್ ಕಂಪನಿಗಳಲ್ಲಿ ವ್ಯಾನ್ ಓಡಿಸಲು ಕೇಳಿಕೊಂಡು ಹೋದರೆ, ಆ ಹೆಸರು ಅವನಿಗಿಂತ ಮುಂಚೆ ಹೋಗಿ ಬಾಗಿಲಲ್ಲಿ ನಿಂತಿರುತ್ತಿತ್ತು. ಸ್ವಂತ ಯಜಮಾನನೇ ಕಳ್ಳನೆಂದು ಹೇಳಿದವನಿಗೆ ಯಾರು ಕೀಲಿ ಕೊಡುತ್ತಾರೆ? ಅವನ ಹೆಂಡತಿ ಒಮ್ಮೆ ಬಾವಿಯ ಹತ್ತಿರ ಸಿಕ್ಕಾಗ ನನ್ನ ಕಡೆ ನೋಡದೆ ಕೊಡ ಎತ್ತಿಕೊಂಡು ಹೋದಳು.

ಆಮೇಲೆ ಮಾವ ಮಾಡಿದ್ದನ್ನು ಹೇಗೆ ಹೇಳುವುದೋ ನನಗೆ ಇವತ್ತಿಗೂ ತಿಳಿಯದು.

ಅವರು ಟೀ ಅಂಗಡಿಗೆ ಹೋದರು. ಅದೇ ಬೆಂಚಿನ ಮುಂದೆ ನಿಂತು, "ಎಲ್ರೂ ಕೇಳ್ರಪ್ಪಾ, ಶಣ್ಮುಗಂ ಏನೂ ಕಲಸಿಲ್ಲೆ. ಎತ್ತು ಅಂತ ತಿಳ್ಕಂಡು ವಂಡಿಗೆ ನಾನೇ ತೆಂಗಿನೆಣ್ಣೆ ಕುಡಿಸ್ದೆ, ಒಂದು ಚೆಂಬು," ಎಂದರು. ಮೊದಲು ಯಾರಿಗೂ ನಗುವ ಧೈರ್ಯ ಬರಲಿಲ್ಲವಂತೆ. ಮಾವ ಬಿಡಲಿಲ್ಲ. ಟ್ಯಾಂಕಿನ ಮುಚ್ಚಳ ಹೇಗೆ ತೆರೆದೆ, ಹೇಗೆ ಎರೆದೆ, ಎರೆದು ಅದರ ಬೆನ್ನು ಹೇಗೆ ಸವರಿದೆ, ಎಲ್ಲ ಅಭಿನಯಿಸಿ ತೋರಿಸಿದರು. ಆಗ ಒಬ್ಬ ಪಕ್ಕೆಂದು ನಕ್ಕ. ಅಂಗಡಿಯೇ ನಕ್ಕಿತು.

ಮಾರನೆಯ ದಿನ ಡೀಸೆಲ್ ಬಂಕಿಗೆ ಹೋಗಿ ಹೇಳಿದರು. ದನದ ಸಂತೆಗೆ ಹೋಗಿ ಹೇಳಿದರು. ಬಸ್ಸು ಹತ್ತಿ ತಿರುಪ್ಪೂರಿಗೆ ಹೋಗಿ, ಶಣ್ಮುಗಂಗೆ ಕೆಲಸವಿಲ್ಲ ಎಂದಿದ್ದ ಕಂಪನಿಗಳ ಬಾಗಿಲಲ್ಲಿ ನಿಂತು ವಾಚ್‌ಮನ್ನುಗಳಿಗೂ ಹೇಳಿದರು. "ಗೌಡರೇ, ಹಿಂಡಿ ಬೂಸಾನೂ ಇಟ್ರಾ?" ಎಂದು ಪಂಚೆ ಇಳಿಸದೆಯೇ ಕೇಳುವವರಾದರು ಜನ. "ಇಟ್ಟಿದ್ರೆ ತಿಂತಿತ್ತೋ ಏನೋ," ಎನ್ನುತ್ತಿದ್ದರು ಮಾವ, ನಗದೆ.

ನಾನು ನಾಚಿಕೆಯಿಂದ ಕುಗ್ಗಿಹೋದೆ. ಊರಿಗೆ ಮರಳಿದ ನನ್ನ ಮನೆಯವರು ದಿಗ್ಭ್ರಮೆಗೊಂಡು, "ಅಪ್ಪಾ, ಸಾಕು. ಒಂದ್ಸಲ ಹೇಳಿದ್ರೆ ಆಗಲ್ವಾ? ಮನೆ ಮರ್ಯಾದೆ ಏನಾಗಬೇಕು?" ಎಂದರು.

ಮಾವ ಊಟದ ತಟ್ಟೆಯಿಂದ ತಲೆಯೆತ್ತದೆ ಹೇಳಿದರು: "ನಾನೊಂದು ಮಾತು ಹತ್ತು ಜನರ ಮುಂದೆ ಅಂದೆ. ಅದು ಎಷ್ಟು ಊರು ಹೋಯ್ತೋ, ಅಷ್ಟೂರಿಗೂ ನಾನೂ ಹೋಗಬೇಕಲ್ಲ."

ಪೊಂಗಲ್ ಹಬ್ಬ ಹತ್ತಿರ ಬಂದಿತ್ತು. ಸರಸು ಗಂಡನ ಮನೆಯವರಿಗೆ ಬಟ್ಟೆ ತರಲು ನಾನು ಬಸ್ಸಿಗೆ ಕಾಯುತ್ತಿದ್ದೆ. ಟೀ ಅಂಗಡಿಯಲ್ಲಿ ಹೊರ ಊರಿನ ದನದ ದಲ್ಲಾಳಿಯೊಬ್ಬ ಕೂತಿದ್ದ. ಕತೆ ಕೇಳಿಲ್ಲವೆಂದು ಅವನೆಂದ, ಮಾವ ಹೇಳತೊಡಗಿದರು. ಮುಗಿದ ಮೇಲೆ ಅವನು ಎದ್ದು ಬಂದು, "ಹೆಂಗೆ ಕುಡಿಸಿದ್ರಿ ತಾತಾ, ಹಿಂಗಾ?" ಎಂದು ಮಾವನ ಗಲ್ಲ ಹಿಡಿದು ಮೇಲಕ್ಕೆತ್ತಿ, ಟೀ ಲೋಟವನ್ನು ಅವರ ಬಾಯಿಗೆ ಒತ್ತಿದ. ಜನ ಹೋ ಎಂದು ನಕ್ಕರು.  ಮಾವ ತಲೆ ಕೊಸರಿಕೊಳ್ಳಲಿಲ್ಲ. ಗಲ್ಲವೆತ್ತಿ, ಕಣ್ಣು ಮುಚ್ಚಿ, ನಿಂತೇ ಇದ್ದರು.

"ಕೈ ತೆಗಿಯೋ."

ರಸ್ತೆಯ ಆಚೆಯಿಂದ ಬಂದ ದನಿ. ತಿರುಪ್ಪೂರಿನ ಬಸ್ಸಿಗೆಂದು ಶಣ್ಮುಗಂನೂ ಬಂದಿದ್ದ. ಇನ್ನೊಂದು ಕಂಪನಿಯಲ್ಲಿ ಕೇಳಿ ನೋಡಲು. ದಾಟಿ ಬಂದವನೇ ದಲ್ಲಾಳಿಯ ಮಣಿಕಟ್ಟು ಹಿಡಿದು ತಿರುಚಿದ. ಲೋಟ ಉರುಳಿತು. "ಯಾರು ಅಂತ ತಿಳ್ಕಂಡೆ? ನಮ್ಮ ಐಯಾ ಅದು!" ಎಂದು ಬೆಂಚುಗಳ ಕಡೆ ತಿರುಗಿದ. "ನೀವೆಲ್ಲಾ ಕೂತು ನಗ್ತೀರಾ? ಅವರ ತೋಟದ ಎಳನೀರು ಕುಡಿದ ಬಾಯಲ್ಲಿ ನಗ್ತೀರಾ?"  ಆಮೇಲೆ ಅವನ ಕೋಪ ಮಾವನ ಮೇಲೇ ತಿರುಗಿತು. "ನಿಮಗೂ ಬುದ್ಧಿ ಇಲ್ಲೀಂಗಳಾ? ಬೀದಿ ಬೀದೀಲಿ ನಿಂತು ಬಯಲಾಟ ಆಡ್ತಿದೀರಾ? ಸಾಕು. ಮನೆಗೆ ನಡೀರಿ."

"ವಂಡಿ ಓಡಿಸೋಕೆ ಆಳಿಲ್ಲೆ ಕಣೋ," ಎಂದರು ಮಾವ, ಗಲ್ಲ ಒರೆಸಿಕೊಳ್ಳುತ್ತ.

"ನಾಳೆಗೆ ಬತ್ತೀನಿ. ಈಗ ನಡೀರಿ ಅಂದ್ನಲ್ಲ."

ಇಬ್ಬರೂ ರಸ್ತೆಯ ನಡುವೆಯೇ ಹೊರಟರು. ಶಣ್ಮುಗಂ ಕೈ ಬೀಸಿ ಬೀಸಿ ಬೈಯುತ್ತಿದ್ದ. ಮಾವ ಬೈಸಿಕೊಳ್ಳುತ್ತಿದ್ದರು. ನಾನು ಬಸ್ಸಿನ ಯೋಚನೆ ಬಿಟ್ಟು ಹಿಂದೆಯೇ ನಡೆದೆ.

"ಅಲ್ಲೀಂಗ, ನನಗೆ ಒಂದೇ ಸಂದೇಹ," ಎಂದ ಅವನು ಸ್ವಲ್ಪ ದೂರ ಹೋದ ಮೇಲೆ. "ಊರಿಗೆಲ್ಲ ಒಂದು ಚೆಂಬು ಅಂದ್ರಿ, ಒಂದು ಚೆಂಬಿಗೆ ಅಷ್ಟೊಂದು ಕಟ್ಟಿಕೊಳ್ಳಲ್ಲವಲ್ಲ. ನಿಜ ಹೇಳಿ. ಒಂದೇ ಚೆಂಬಾ?"

ಮಾವ ಹಿಂದೆ ತಿರುಗಿ ನನ್ನನ್ನು ನೋಡಿದರು, ತೋಟದ ಕಡೆ ನೋಡಿದರು. "ಒಂದೇ," ಎಂದರು. ನಾಲ್ಕು ಹೆಜ್ಜೆ ಹೋಗಿ, "ದಿನಾ," ಎಂದು ಸೇರಿಸಿದರು.

"ದಿನಾನುಂಗಳಾ!" ಶಣ್ಮುಗಂ ಎರಡೂ ಕೈ ತಲೆಯ ಮೇಲಿಟ್ಟುಕೊಂಡು ನಡುರಸ್ತೆಯಲ್ಲಿ ನಿಂತುಬಿಟ್ಟ. ಹಿಂದಿನಿಂದ ತಿರುಪ್ಪೂರಿನ ಬಸ್ಸು ಬಂದು ಹಾರ್ನು ಹೊಡೆಯಿತು, ಹೊಡೆಯುತ್ತಲೇ ಇತ್ತು. ಅವರಿಬ್ಬರೂ ದಾರಿ ಬಿಡಲಿಲ್ಲ.